ಯೋಗಾಭ್ಯಾಸಕ್ಕೆ ಹಾಸು ಬೇಕೆ? — ಒಂದು ಚಾರಿತ್ರಿಕ ವಿವೇಚನೆ



ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಿಂದ ಶ್ರೀಮಠಕ್ಕೆ ನಡೆದುಕೊಳ್ಳುವ ಮನೆತನಗಳು ಹಲವಿವೆ. ಅವರಲ್ಲಿ ಒಬ್ಬ ತಾಯಿ ಕಳೆದ ಆಷಾಢಮಾಸದಲ್ಲಿ ದರ್ಶನಕ್ಕೆ ಬಂದವರು, ಹೊರಡುವ ಮುನ್ನ ಸಂಕೋಚದಿಂದ ಒಂದು ಮಾತು ಕೇಳಿದರು: “ಅಜ್ಜಾರ, ಮ್ಯಾಟ್ ಇಲ್ದ ಯೋಗಾ ಮಾಡಿದ್ರ ನಡಿತೈತೇನ್ರಿ?” ವಿಚಾರಿಸಲಾಗಿ ಸಂಗತಿ ತಿಳಿಯಿತು. ಜೂನ್ 21ರ ಯೋಗ ದಿನಾಚರಣೆಗೆ ಪ್ರತಿಯೊಬ್ಬರೂ ಮ್ಯಾಟು ತರತಕ್ಕದ್ದೆಂದು ಮಗಳ ಶಾಲೆಯಲ್ಲಿ ಹೇಳಿದ್ದರಂತೆ. ಮನೆಯಲ್ಲಿ ಕೌದಿಯಿತ್ತು, ಕಂಬಳಿಯಿತ್ತು, ಚಾಪೆಯಿತ್ತು. ಅಂಗಡಿಯಲ್ಲಿ ಮಾರುವ ಆ ಬಣ್ಣದ ಮ್ಯಾಟು ಮಾತ್ರ ಇರಲಿಲ್ಲ. ಕೌದಿ ಹೊತ್ತುಕೊಂಡು ಹೋದರೆ ಗೆಳತಿಯರು ನಕ್ಕಾರೆಂದು ಹುಡುಗಿ ಆ ದಿನ ಮನೆಯಲ್ಲಿಯೇ ಉಳಿದಳು. ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ಅಂಥ ಸೂಚನೆ ಎಲ್ಲಿಯಾದರೂ ಹೊರಟೀತು. ಆ ತಾಯಿಯ ಮಾತಿನಲ್ಲಿ ದೂರು ಇರಲಿಲ್ಲ. ಶಾಸ್ತ್ರವೇ ಹಾಗೆ ಹೇಳುತ್ತದೆಯೋ ಏನೋ ಎಂಬ ನಿಜವಾದ ಸಂದೇಹವಿತ್ತು.

ನಡೆಯುತ್ತದೆ ತಾಯಿ ಎಂದು ಅಂದು ಎರಡೇ ಮಾತಿನಲ್ಲಿ ಹೇಳಿ ಕಳುಹಿಸಿದೆವು. ಆದರೆ ಆ ಪ್ರಶ್ನೆ ಎರಡು ಮಾತಿನಲ್ಲಿ ಮುಗಿಯತಕ್ಕದ್ದಲ್ಲ. ಏಕೆಂದರೆ ಈ ವಿಷಯದಲ್ಲಿ ನಮ್ಮ ನಡುವೆ ಎರಡು ಬಗೆಯ ತಪ್ಪು ತಿಳುವಳಿಕೆಗಳು ಬೆಳೆದಿವೆ. ಹಾಸು, ಪಟ್ಟಿ, ಇಟ್ಟಿಗೆಯಾಕಾರದ ಮರದ ತುಂಡು ಮುಂತಾದ ಸಲಕರಣೆಗಳಿಲ್ಲದೆ ಯೋಗವೇ ಇಲ್ಲವೆಂಬುದು ಒಂದು. ಋಷಿಗಳು ಬರಿಯ ಬಂಡೆಯ ಮೇಲೆ ಕುಳಿತು ಯೋಗ ಮಾಡಿದರು, ಈ ಸಲಕರಣೆಗಳೆಲ್ಲ ಪರದೇಶದವರ ಸುಖಲೋಲುಪತೆ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಪೇಟೆಯವರು, ಎರಡನೆಯದನ್ನು ಹೇಳುವವರು ಬಹುಮಟ್ಟಿಗೆ ನಮ್ಮಂಥ ಉಪನ್ಯಾಸಕರು. ಗ್ರಂಥಗಳನ್ನೂ ಶಿಲ್ಪಗಳನ್ನೂ ಸಮೀಪದ ಚರಿತ್ರೆಯನ್ನೂ ತೆರೆದು ನೋಡಿದರೆ ಎರಡೂ ನಿಲ್ಲುವುದಿಲ್ಲ.

ಮೊದಲು ‘ಆಸನ’ ಎಂಬ ಶಬ್ದವನ್ನೇ ನೋಡಬಹುದು. ‘ಆಸ್’ ಎಂದರೆ ಕುಳಿತುಕೊಳ್ಳುವುದು. ಕುಳಿತುಕೊಳ್ಳುವ ಭಂಗಿಗೂ ಆಸನವೆಂದು ಹೆಸರು, ಕುಳಿತುಕೊಳ್ಳುವ ಪೀಠಕ್ಕೂ ಆಸನವೆಂದು ಹೆಸರು. ಮನೆಗೆ ಬಂದ ಜಂಗಮರಿಗೆ ‘ಆಸನ ಹಾಕಿರಿ’ ಎಂದು ಹಿರಿಯರು ಹೇಳಿದಾಗ ಯಾರೂ ಪದ್ಮಾಸನ ಹಾಕುವುದಿಲ್ಲ; ಮಣೆಯನ್ನೋ ಕಂಬಳಿಯನ್ನೋ ತಂದು ಹಾಸುತ್ತಾರೆ. ಪತಂಜಲಿಗಳು ತಮ್ಮ ಯೋಗಸೂತ್ರದಲ್ಲಿ ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ಲಕ್ಷಣ ಹೇಳಿದರು. ಯಾವುದರ ಮೇಲೆ ಕೂಡಬೇಕೆಂಬುದನ್ನು ಸೂತ್ರದಲ್ಲಿ ಸೇರಿಸಲಿಲ್ಲ.

ಆ ಮಾತನ್ನು ಎತ್ತಿದ್ದು ಭಗವದ್ಗೀತೆ. ಅದರ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕುಳಿತುಕೊಳ್ಳುವವನು ಶುಚಿಯಾದ ಸ್ಥಳದಲ್ಲಿ, ಬಹಳ ಎತ್ತರವೂ ಅಲ್ಲದ ಬಹಳ ತಗ್ಗೂ ಅಲ್ಲದ ಪೀಠವನ್ನು ಮಾಡಿಕೊಂಡು, ದರ್ಭೆ, ಚರ್ಮ, ವಸ್ತ್ರ ಈ ಮೂರನ್ನು ಹಾಸಿಕೊಳ್ಳಬೇಕೆಂದು ವಿಧಿಯಿದೆ. ಹಾಗಾದರೆ ಬರಿನೆಲವೇ ಶಾಸ್ತ್ರೋಕ್ತವೆಂದು ಸಾರುವವರು ಗೀತೆಯ ಈ ಭಾಗವನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಆದರೆ ಈ ಹಾಸು ಯಾತಕ್ಕೆಂಬುದನ್ನು ಗಮನಿಸಿರಿ. ಬಹಳ ಹೊತ್ತು ಅಲುಗಾಡದೆ ಕುಳಿತವನಿಗೆ ನೆಲದ ಥಂಡಿ ಏರುತ್ತದೆ, ಇರುವೆ ಗೊದ್ದಗಳು ಮುತ್ತುತ್ತವೆ, ಕಾಲಿನ ಗಂಟು ಒತ್ತುತ್ತದೆ. ಇಲ್ಲಿಯ ಹಾಸು ಕೂಡುವವನ ಹಾಸು. ಕಾಲು ಜಾರದಂತೆ ಹಿಡಿದುಕೊಳ್ಳುವ ಹಾಸಲ್ಲ.

ಇದಕ್ಕಿಂತ ಬಹಳ ಈಚಿನದಾದ ‘ಘೇರಂಡಸಂಹಿತೆ’ಯಲ್ಲಿ ಪ್ರಾಣಾಯಾಮದ ಪ್ರಸಂಗದಲ್ಲಿ ಇನ್ನೂ ಸ್ಪಷ್ಟವಾದ ಮಾತಿದೆ. ದರ್ಭೆಯ ಆಸನ, ಜಿಂಕೆಯ ಚರ್ಮ, ಹುಲಿಯ ಚರ್ಮ, ಕಂಬಳಿ ಎಂದು ನಾಲ್ಕನ್ನು ಹೇಳಿದ ಮೇಲೆ ಗ್ರಂಥಕಾರನು ಐದನೆಯದಾಗಿ ‘ಸ್ಥಲ’ವನ್ನು ಹೇಳುತ್ತಾನೆ. ಸ್ಥಲವೆಂದರೆ ನೆಲ. ಅಂದರೆ ಬರಿಯ ನೆಲಕ್ಕೂ ಆಸನಗಳ ಯಾದಿಯಲ್ಲಿ ಹೆಸರು ಹಿಡಿದು ಸ್ಥಾನ ಕೊಡಲಾಗಿದೆ. ಚರ್ಮಗಳ ಮಾತು ಈಗ ಮುಗಿದ ಕಥೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹುಲಿಯ ಚರ್ಮ ಶಾಸ್ತ್ರಸಮ್ಮತವೋ ಅಲ್ಲವೋ ಎಂದು ಚರ್ಚಿಸುವ ಅಗತ್ಯವೇ ಉಳಿದಿಲ್ಲ, ಹಾಗೆ ಉಳಿಯದೆ ಹೋದದ್ದು ಒಳ್ಳೆಯದೇ ಆಯಿತು. ಕಂಬಳಿಯಾದರೋ ನಮ್ಮ ಹಾಲುಮತದವರ ಹೆಗಲ ಮೇಲೆ ಇಂದಿಗೂ ಇದೆ. ನೆಲ ಎಲ್ಲರ ಕಾಲಕೆಳಗೂ ಇದೆ. ದೇವಿಕೊಪ್ಪದ ಆ ಮನೆಯಲ್ಲಿ ಘೇರಂಡನು ಹೇಳಿದ ಐದರಲ್ಲಿ ಎರಡು ಮೊದಲಿನಿಂದಲೂ ಇದ್ದವು ಎಂದಾಯಿತು.

ಇನ್ನು ನೆಲದ ವಿಷಯಕ್ಕೆ ಬರೋಣ. 15ನೆಯ ಶತಮಾನದ ಸ್ವಾತ್ಮಾರಾಮರ ‘ಹಠಯೋಗಪ್ರದೀಪಿಕೆ’ಯ ಮೊದಲನೆಯ ಉಪದೇಶದಲ್ಲಿ ಅಭ್ಯಾಸದ ಕೋಣೆಯ ವರ್ಣನೆಯುಂಟು. ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಕೋಣೆಗೆ ಅವರು ಕೊಟ್ಟ ಹೆಸರು ‘ಮಠ’. ಬಾಗಿಲು ಸಣ್ಣದು, ಕಿಟಕಿಯಿಲ್ಲ, ಬಿಲ ಬಿರುಕುಗಳಿಲ್ಲ, ಬಹಳ ಎತ್ತರವಿಲ್ಲ, ತಗ್ಗಿಲ್ಲ, ಕ್ರಿಮಿಕೀಟಗಳ ಬಾಧೆಯಿಲ್ಲ, ಹೊರಗೆ ಒಂದು ಮಂಟಪ, ಒಂದು ಕಟ್ಟೆ, ಒಂದು ಬಾವಿ, ಸುತ್ತ ಆವಾರದ ಗೋಡೆ. ಒಳಗೆ ಗೋಮಯದಿಂದ ದಟ್ಟವಾಗಿ ಸಾರಿಸಿದ ನೆಲ. ಕೋಣೆಯ ಬಗ್ಗೆ ಇಷ್ಟು ಹೇಳಿದವರು ಸಲಕರಣೆಗಳ ಯಾದಿಯನ್ನು ಮಾತ್ರ ಕೊಡಲಿಲ್ಲ. ನಾವು ವಟುಗಳಾಗಿದ್ದ ಕಾಲದಲ್ಲಿ ಪಾಠಶಾಲೆಯ ಪಡಸಾಲೆಯನ್ನು ಸಾರಿಸುವ ಪಾಳಿ ಬಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆವು. ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಓದುವಾಗ ಈ ಶ್ಲೋಕ ಎದುರಾದಾಗ ನಮಗೆ ಮೊದಲು ನೆನಪಾದದ್ದು ಆ ಸೆಗಣಿಯ ಬುಟ್ಟಿ.

ಸಾರಿಸಿದ ಮಣ್ಣಿನ ನೆಲಕ್ಕೆ ಒಂದು ಗುಣವಿದೆ. ಅದು ಕಲ್ಲಿನಷ್ಟು ಗಡಸಲ್ಲ, ಮೈಯ ಶಾಖವನ್ನು ಕಲ್ಲಿನಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಅದರ ಮೈ ತುಸು ಒರಟಾದುದರಿಂದ ಅಂಗೈ ಅಂಗಾಲುಗಳು ಜಾರುವುದಿಲ್ಲ. ಬೆವರು ಬಿದ್ದರೆ ಹೀರಿಕೊಳ್ಳುತ್ತದೆ. ನಮ್ಮ ಊರೂರ ಗರಡಿಮನೆಗಳಲ್ಲಿ ಕೆಮ್ಮಣ್ಣನ್ನು ಹದಮಾಡಿ ಹಾಕುತ್ತಿದ್ದುದೂ ಇದೇ ತಿಳುವಳಿಕೆಯಿಂದ.

ಮಠಕ್ಕೂ ಯೋಗಕ್ಕೂ ಇರುವ ನಂಟು ಬರಿಯ ಶ್ಲೋಕದ ಮಾತಲ್ಲ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಕಾಳಾಮುಖ ಮಠದಲ್ಲಿ ವೇದ, ವ್ಯಾಕರಣ, ಷಡ್ದರ್ಶನಗಳ ಜೊತೆಗೆ ಲಾಕುಲಸಿದ್ಧಾಂತವೂ ಪತಂಜಲಿಯ ಯೋಗಶಾಸ್ತ್ರವೂ ಅಧ್ಯಯನದ ವಿಷಯಗಳಾಗಿದ್ದವೆಂದು ಹೇಳುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದ ಸ್ಥಾನವೆಂದೂ ಅದೇ ಶಾಸನ ಹೊಗಳಿದೆ. ಯೋಗವನ್ನು ಕಲಿಯುವ ಸ್ಥಳಕ್ಕೂ ಹಸಿದವನು ಬರುವ ಸ್ಥಳಕ್ಕೂ ಅಂದು ಬಾಗಿಲು ಒಂದೇ ಆಗಿದ್ದಿತು.

ನಮ್ಮ ಪರಂಪರೆಯ ಶಿವಯೋಗವು ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚನ್ನಸದಾಶಿವಯೋಗಿಗಳ ‘ಶಿವಯೋಗಪ್ರದೀಪಿಕೆ’ ಎಂಬ ಸಂಸ್ಕೃತ ಗ್ರಂಥಕ್ಕೆ ನಿಜಗುಣ ಶಿವಯೋಗಿಗಳು ‘ಪರಮಾರ್ಥಪ್ರಕಾಶಿಕೆ’ ಎಂಬ ಕನ್ನಡ ವ್ಯಾಖ್ಯಾನವನ್ನು ಬರೆದರು. ಮಂತ್ರ, ಲಯ, ಹಠ, ರಾಜಯೋಗಗಳನ್ನು ವಿವರಿಸುವ ಆ ಗ್ರಂಥದಲ್ಲಿ ಯೋಗದ ಅಂಗಗಳು ಒಳಗಣ ಶಿವಪೂಜೆಯ ಅಂಗಗಳಾಗಿ ಮಾರ್ಪಡುತ್ತವೆ. ಇಷ್ಟಲಿಂಗ ಪೂಜೆಯಲ್ಲಿ ಲಿಂಗಕ್ಕೆ ಪೀಠ ಯಾವುದು? ಭಕ್ತನ ಎಡದ ಅಂಗೈ. ಅದನ್ನು ಕರಪೀಠವೆಂದೂ ಕರಸ್ಥಲವೆಂದೂ ಕರೆದರು. ದೇವರಿಗೇ ಬೇರೊಂದು ಪೀಠವನ್ನು ಕೊಳ್ಳದೆ ಅಂಗೈಯನ್ನು ಒಡ್ಡಿದ ಪರಂಪರೆಯಲ್ಲಿ, ಭಕ್ತನ ಮಗಳು ಪೀಠವಿಲ್ಲವೆಂದು ಹಿಂದೆ ಉಳಿಯುವಂತಾದದ್ದು ನಮಗೆ ನೋವಿನ ಸಂಗತಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷಕ್ಕೂ ನ್ಯಾಯ ಸಲ್ಲಿಸಬೇಕು. ಸಲಕರಣೆಗಳು ಪರದೇಶದವೆಂಬ ಮಾತು ಸರಿಯಲ್ಲ. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗನರಸಿಂಹನನ್ನು ನೋಡಿದವರಿಗೆ ಮಂಡಿಗಳನ್ನು ಸುತ್ತಿ ಬಿಗಿದ ಪಟ್ಟಿಯ ನೆನಪಿರಬೇಕು. ಅದಕ್ಕೆ ಯೋಗಪಟ್ಟವೆಂದು ಹೆಸರು. ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂಡುವಾಗ ಮಂಡಿಗಳು ಬಿಚ್ಚಿಕೊಳ್ಳದಂತೆಯೂ ಬೆನ್ನು ಕುಸಿಯದಂತೆಯೂ ತಡೆಯುವ ಬಟ್ಟೆಯ ಪಟ್ಟಿ ಅದು. ಹಂಪಿಯಲ್ಲಿ 1528ರಲ್ಲಿ ಕೃಷ್ಣದೇವರಾಯನು ಕಡೆಯಿಸಿದ ನರಸಿಂಹನ ಮಂಡಿಗಳ ನಡುವೆಯೂ ಅಡ್ಡಪಟ್ಟಿ ಕಾಣುತ್ತದೆ. ಇಂದು ಅಲ್ಲಿರುವ ಕಲ್ಲಿನ ಪಟ್ಟಿ ಭಗ್ನವಾದ ಮೂರ್ತಿಯ ಜೀರ್ಣೋದ್ಧಾರದಲ್ಲಿ ಕೂಡಿಸಿದ್ದು. ಹಾಗೆಯೇ ಜಪಕ್ಕೆ ಕುಳಿತವರು ತೋಳನ್ನು ಆನಿಸಿಕೊಳ್ಳುತ್ತಿದ್ದ ಯೋಗದಂಡವು ಸಾಧುಸಂತರ ಬಳಿ ಸಾಮಾನ್ಯವಾಗಿತ್ತು. ದೇವರ ಮೂರ್ತಿಗೇ ಆಧಾರದ ಪಟ್ಟಿಯನ್ನು ಕಟ್ಟಿದ ಶಿಲ್ಪಿಗೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ಮಂಡಿ ನೋವಿನ ಮುದುಕನೊಬ್ಬನು ಗೋಡೆಗೆ ಒರಗಿ ಕುಳಿತರೆ ಮೂಗು ಮುರಿಯುವವರು ಇದನ್ನು ಯೋಚಿಸಬೇಕು.

ಮೈಸೂರು ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗವನ್ನು ಹಿಡಿದು, ಹಗ್ಗವನ್ನು ಏರಿ ಮಾಡುವ ಆಸನಗಳೂ ಇವೆ. ‘ಹಠಾಭ್ಯಾಸಪದ್ಧತಿ’ ಎಂಬ ಗ್ರಂಥದಲ್ಲಿಯೂ ಹಗ್ಗದ ಆಸನಗಳ ವಿವರಣೆಯಿದೆ. ಆದಕಾರಣ ಹಗ್ಗ, ಪಟ್ಟಿ, ಗೋಡೆ ಇವುಗಳು ನಮ್ಮವೇ. ಇವು ಯಾವುವೂ ಅಂಗಡಿಯಿಂದ ಕೊಂಡು ತಂದವಲ್ಲ, ಕೈಗೆ ಸಿಕ್ಕಿದ್ದನ್ನು ಸಾಧನೆಗೆ ಒಗ್ಗಿಸಿಕೊಂಡವು ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ಜಾರದಂತೆ ಹಿಡಿಯುವ ಮ್ಯಾಟು ಎಲ್ಲಿಂದ ಬಂದಿತು? ಇದರ ಉತ್ತರಕ್ಕೆ ಆಸನಗಳೇ ಬದಲಾದ ಕಥೆಯನ್ನು ತಿಳಿಯಬೇಕು. ‘ಹಠಯೋಗಪ್ರದೀಪಿಕೆ’ ವರ್ಣಿಸುವ ಆಸನಗಳು 15. ಸ್ವಸ್ತಿಕ, ಗೋಮುಖ, ವೀರ, ಕೂರ್ಮ, ಪದ್ಮ, ಸಿದ್ಧ, ಸಿಂಹ, ಭದ್ರ, ಶವ ಹೀಗೆ ಬಹುತೇಕ ಎಲ್ಲವೂ ಕುಳಿತು ಅಥವಾ ಮಲಗಿ ಮಾಡುವಂಥವು. ಕುಕ್ಕುಟ, ಮಯೂರಗಳಲ್ಲಿ ಕೈಗಳ ಮೇಲೆ ಮೈ ಏಳುತ್ತದೆ. ಕಾಲುಗಳನ್ನು ಅಗಲಿಸಿ ನಿಲ್ಲುವ ಒಂದು ಆಸನವೂ ಅಲ್ಲಿಲ್ಲ. ಘೇರಂಡನ 32ರಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವ ವೃಕ್ಷಾಸನದಂಥವು ಒಂದೆರಡು ಬರುತ್ತವೆ. ಕುಳಿತವನು ಜಾರುವುದೆಲ್ಲಿಗೆ? ಇಂದು ಶಿಬಿರಗಳಲ್ಲಿ ಮೊದಲಿಗೆ ಕಲಿಸುವ, ಮೂರು ನಾಲ್ಕು ಅಡಿ ಕಾಲು ಚಾಚಿ ನಿಂತು ಬಾಗುವ ತ್ರಿಕೋಣಾಸನ ಮುಂತಾದವು ಪ್ರಸಿದ್ಧಿಗೆ ಬಂದದ್ದು 20ನೆಯ ಶತಮಾನದಲ್ಲಿ.

ಆ ಬದಲಾವಣೆಯ ಬಹುಭಾಗ ನಡೆದದ್ದು ನಮ್ಮ ನಾಡಿನಲ್ಲಿಯೇ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ನಡೆಸಲು ಅನುಕೂಲ ಮಾಡಿಕೊಟ್ಟರು. ಅವರ ‘ಯೋಗಮಕರಂದ’ ಕನ್ನಡದಲ್ಲಿ ಅಚ್ಚಾದದ್ದು 1934ರಲ್ಲಿ. ಉಸಿರಿನ ಲೆಕ್ಕಕ್ಕೆ ತಕ್ಕಂತೆ ನಿಂತು, ಜಿಗಿದು, ಬಾಗಿ, ಕುಳಿತು ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ಅವರ ಪದ್ಧತಿ ಬಾಲಕರಿಗೆ ಬಹಳ ಹಿಡಿಸಿತು. ಅತ್ತ ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ 1924ರಲ್ಲಿ ಲೋಣಾವಳೆಯ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಯೋಗವನ್ನು ಶಾಲೆಯ ಮೈದಾನಕ್ಕೆ ತಂದರು. ಸಾಲಾಗಿ ನಿಂತು ಸಾಮೂಹಿಕವಾಗಿ ಮಾಡುವ ಅವರ ‘ಯೌಗಿಕ ಸಂಘ ವ್ಯಾಯಾಮ’ 1936ರದು. ಬಯಲಿನ ಮಣ್ಣಿನಲ್ಲಿ ನೂರಾರು ಹುಡುಗರು ಸಾಲುಗಟ್ಟಿ ಮಾಡತಕ್ಕ ಅಭ್ಯಾಸ ಅದು. ತಲೆಗೊಂದು ಹಾಸಿನ ಹಂಗು ಅದಕ್ಕಿರಲಿಲ್ಲ.

ಅದೇ 1936ರ ಸುಮಾರಿಗೆ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಕೈಗೊಂಡು ಧಾರವಾಡಕ್ಕೂ ಬಂದರು. ಅಲ್ಲಿ ಹೆಣ್ಣುಮಕ್ಕಳು ಯೋಗವನ್ನು ಕಲಿಯಲು ಬಯಸಿದಾಗ, ಶಿಷ್ಯರಲ್ಲಿ ಕಿರಿಯನೆಂಬ ಕಾರಣದಿಂದ ಹದಿನೆಂಟರ ಆಸುಪಾಸಿನ ಒಬ್ಬ ಹುಡುಗನನ್ನು ಆ ಕೆಲಸಕ್ಕೆ ನೇಮಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಕ್ಷಯ ಮುಂತಾದ ಕಾಯಿಲೆಗಳಿಂದ ಬಡವಾದ ಮೈಯನ್ನು ಯೋಗದಿಂದ ತಿದ್ದಿಕೊಳ್ಳುತ್ತಿದ್ದ ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್ಯರು. 1937ರಲ್ಲಿ ಅವರು ಪುಣೆಗೆ ಹೋದರು. ಅಲ್ಲಿ ಊಟಕ್ಕೂ ಕಷ್ಟವಾಗಿದ್ದ ದಿನಗಳಲ್ಲಿ ದಾರಿಯ ಪಕ್ಕದ ಕಲ್ಲು ಇಟ್ಟಿಗೆಗಳನ್ನು ಆಧಾರಕ್ಕಿಟ್ಟುಕೊಂಡು ಅಭ್ಯಾಸ ಮಾಡಿದರು. ಇಂದು ‘ಅಯ್ಯಂಗಾರ್ ಯೋಗ’ದ ಹೆಸರಿನಲ್ಲಿ ಲೋಕವೆಲ್ಲ ಬಳಸುವ ಮರದ ಇಟ್ಟಿಗೆಯ ಹಿಂದೆ ಇರುವುದು ಆ ಬೀದಿಯ ಇಟ್ಟಿಗೆ. ಹಗ್ಗ, ಪಟ್ಟಿ, ದಿಂಬು, ಕುರ್ಚಿಗಳನ್ನು ಅವರು ಅಳವಡಿಸಿದ್ದು ವಿಶೇಷವಾಗಿ ರೋಗಿಗಳಿಗಾಗಿ, ವಯಸ್ಸಾದವರಿಗಾಗಿ, ಮೈ ಬಾಗದವರಿಗಾಗಿ. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಗ್ರಂಥದಲ್ಲಿ ಹಾಸಿನ ವಿಷಯಕ್ಕೆ ಸಿಗುವ ಸೂಚನೆ ಇಷ್ಟೇ: ಬರಿನೆಲದ ಮೇಲಾಗಲಿ ತಗ್ಗುದಿಣ್ಣೆಯ ಮೇಲಾಗಲಿ ಬೇಡ, ಸಮನಾದ ನೆಲದ ಮೇಲೆ ಮಡಿಚಿದ ಕಂಬಳಿಯನ್ನು ಹಾಸಿಕೊಳ್ಳಿರಿ. ಪರದೇಶದವರಿಗಾಗಿ ಇಂಗ್ಲಿಷಿನಲ್ಲಿ ಬರೆದಾಗಲೂ ಅವರು ಹೇಳಿದ್ದು ಘೇರಂಡನ ಕಂಬಳಿಯನ್ನೇ.

ಇತ್ತ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳಿಗೂ ಸಾಧಕರಿಗೂ ಶಾಸ್ತ್ರಪಾಠದ ಜೊತೆಗೆ ಯೋಗಾಭ್ಯಾಸದ ಶಿಕ್ಷಣವನ್ನು ಏರ್ಪಡಿಸಿದ ಸಂಗತಿ ವಾಚಕರಿಗೆ ಗೊತ್ತೇ ಇದೆ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು, ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು, 1996ರಲ್ಲಿ ದೇಹ ಬಿಡುವವರೆಗೆ ಲಕ್ಷಾಂತರ ಕನ್ನಡಿಗರಿಗೆ ಶಿಬಿರಗಳ ಮೂಲಕ ಆಸನಗಳನ್ನು ಕಲಿಸಿದರು. ಭಿಕ್ಷುಕನೆಂಬ ಅರ್ಥದ ಹೆಸರನ್ನು ತಾವೇ ಇಟ್ಟುಕೊಂಡ ಆ ಮಹಾನುಭಾವರಿಂದ ಯೋಗ ಕಲಿಯಲು ಯಾರೂ ಸಿರಿವಂತರಾಗಿರಬೇಕಾಗಿರಲಿಲ್ಲ.

ಈಗ ಮ್ಯಾಟಿನ ಕಥೆ. ಅದು ನಾವು ತಿಳಿದುಕೊಂಡಿರುವುದಕ್ಕಿಂತ ತೀರ ಈಚಿನದು. ಅಯ್ಯಂಗಾರ್ಯರ ಬಳಿ ಕಲಿತ ಆಂಜೆಲಾ ಫಾರ್ಮರ್ ಎಂಬ ಆಂಗ್ಲ ಶಿಕ್ಷಕಿಗೆ ಎಳೆಯ ವಯಸ್ಸಿನಲ್ಲಿ ಆದ ಶಸ್ತ್ರಚಿಕಿತ್ಸೆಯಿಂದಾಗಿ ಅಂಗೈ ಅಂಗಾಲುಗಳು ಬೆವರುತ್ತಿರಲಿಲ್ಲ. ಒಣಗಿದ ಕೈಕಾಲು ನೆಲವನ್ನು ಹಿಡಿಯದೆ ಜಾರುತ್ತಿದ್ದವು. 1982ರಲ್ಲಿ ಜರ್ಮನಿಯಲ್ಲಿ ಪಾಠ ಹೇಳುತ್ತಿದ್ದಾಗ, ರತ್ನಗಂಬಳಿ ಸರಿಯದಂತೆ ಅದರ ಅಡಿಗೆ ಹಾಸುವ ರಬ್ಬರಿನಂಥ ಹಾಳೆಯೊಂದು ಅವರ ಕಣ್ಣಿಗೆ ಬಿತ್ತು. ಅದನ್ನು ತುಂಡು ಮಾಡಿ ಅದರ ಮೇಲೆ ನಿಂತರು, ಜಾರಲಿಲ್ಲ. ಶಿಷ್ಯರಿಗೂ ಬೇಕೆನಿಸಿತು. ಅವರ ತಂದೆ ತಯಾರಕರನ್ನು ಕಂಡು ಮಾರಾಟಕ್ಕೆ ತರಿಸಿದರು. ಮುಂದೆ ಅಮೆರಿಕೆಯ ವ್ಯಾಪಾರಿಗಳು ಅದಕ್ಕೆ ಬಣ್ಣವನ್ನೂ ಹೆಸರನ್ನೂ ಕೊಟ್ಟರು. ಒಬ್ಬ ಹೆಣ್ಣುಮಗಳು ತನ್ನ ಅಂಗವೈಕಲ್ಯಕ್ಕೆ ತಾನೇ ಕಂಡುಕೊಂಡ ಉಪಾಯ, ಪ್ಲಾಸ್ಟಿಕ್ಕಿನ ಮ್ಯಾಟಾಗಿ ಲೋಕಕ್ಕೆಲ್ಲ ಕಡ್ಡಾಯವಾದ ಬಗೆ ಇದು. ಆಕೆಯ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಒಬ್ಬರ ಔಷಧವನ್ನು ಊರಿಗೆಲ್ಲ ಪಥ್ಯ ಮಾಡಿದ್ದು ವ್ಯಾಪಾರ.

2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಅಂಗೀಕರಿಸಿತು. 2015ರಲ್ಲಿ ದೆಹಲಿಯ ರಾಜಪಥದಲ್ಲಿ 35,985 ಜನ ಏಕಕಾಲಕ್ಕೆ ಆಸನಗಳನ್ನು ಮಾಡಿದರು. ಸಾಲುಸಾಲಾಗಿ ಹಾಸಿದ ಮ್ಯಾಟುಗಳ ಚಿತ್ರ ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ ಮನೆಮನೆಗೆ ಮುಟ್ಟಿತು. ಡಾಂಬರಿನ ರಸ್ತೆಯ ಮೇಲೆ ಮಲಗಿ ಏಳಬೇಕಾದವರಿಗೆ ಏನಾದರೊಂದು ಹಾಸು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಚಿತ್ರವನ್ನು ನೋಡಿದ ಹಳ್ಳಿಯ ಕಣ್ಣಿಗೆ ಯೋಗವೆಂದರೆ ಮ್ಯಾಟು ಎಂದೇ ಅಚ್ಚೊತ್ತಿತು. ಸೂಚನೆ ಬರೆದ ಶಿಕ್ಷಕರೂ ಆ ಚಿತ್ರವನ್ನು ನೋಡಿದವರೇ.

ನಮ್ಮ ಜಿಲ್ಲೆಯ ಮಟ್ಟಿಗೆ ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಪಟ್ಟಾಭಿ ಜೋಯಿಸರ ಪದ್ಧತಿಯನ್ನು ಕಲಿಯಲು ಮೈಸೂರಿಗೆ ಬಂದುಹೋದ ವಿದೇಶೀಯರು ರಬ್ಬರಿನ ಮ್ಯಾಟಿನ ಮೇಲೆ ಹತ್ತಿಯ ಜಮಖಾನೆಯೊಂದನ್ನು ಹಾಸುವುದುಂಟು. ಅವರ ನಾಡಿನಲ್ಲಿ ಅದು ‘ಮೈಸೂರು ರಗ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಬೆವರು ಹೀರುತ್ತದೆ, ಒಗೆಯಲು ಬರುತ್ತದೆ ಎಂಬುದು ಅದರ ಗುಣ. ಆ ಗುಣಗಳೆಲ್ಲ ಇರುವ ಹತ್ತಿಯ ಜಮಖಾನೆಯನ್ನು ನವಲಗುಂದದಲ್ಲಿ ನೆಯ್ಯುತ್ತ ಬಂದಿದ್ದಾರೆ. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಬಂದು ನೆಲೆಸಿದ ನೇಕಾರರ ಕಸುಬು ಅದೆಂದು ಪ್ರತೀತಿ. ನೆಯ್ಯುವವರು ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು. ಪಗಡೆಯ ಮನೆ, ನವಿಲು ಮುಂತಾದ ಚಿತ್ತಾರಗಳನ್ನು ಮಗ್ಗದ ಮೇಲೆಯೇ ಮೂಡಿಸುತ್ತಾರೆ. ನಮಾಜಿಗೆ ಹಾಸುವ ಜಾನಮಾಜೂ ಅದೇ ಮಗ್ಗದಿಂದ ಬರುತ್ತದೆ, ನಮ್ಮ ಮನೆಗಳ ಪಡಸಾಲೆಗೆ ಹಾಸುವ ಜಮಖಾನೆಯೂ ಅದೇ ಮಗ್ಗದಿಂದ ಬರುತ್ತದೆ. ಭೌಗೋಳಿಕ ಗುರುತಿನ ಮನ್ನಣೆಯೂ ಅದಕ್ಕೆ ದೊರೆತಿದೆ. ಅಷ್ಟಾಗಿಯೂ ಮಗ್ಗಕ್ಕೆ ಕೂಡುವ ಕೈಗಳು ಕಡಿಮೆಯಾಗುತ್ತಲೇ ಬಂದಿವೆ. ಮ್ಯಾಟಿಗಾಗಿ ಹಣ ತೆಗೆದಿಟ್ಟ ಸಂಘಸಂಸ್ಥೆಗಳು ಒಮ್ಮೆ ನವಲಗುಂದದ ದಾರಿ ಹಿಡಿಯಬಾರದೇಕೆ ಎಂದು ನಮಗೆ ಅನಿಸುವುದುಂಟು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮ್ಯಾಟನ್ನು ಕೊಂಡವರು ಅದನ್ನು ತಿಪ್ಪೆಗೆ ಎಸೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಾಲ ಬದಲಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ನೆಲ ಬದಲಾಗಿದೆ. ಹಠಯೋಗದ ಗ್ರಂಥಕಾರನು ಹೇಳಿದ ಗೋಮಯದ ನೆಲ ದೇವಿಕೊಪ್ಪದಂಥ ಊರಿನಲ್ಲಿಯೂ ಈಗ ಎಲ್ಲ ಮನೆಗಳಲ್ಲಿ ಇಲ್ಲ. ಸಿಮೆಂಟು ಬಂದಿತು, ಮೇಲೆ ನುಣ್ಣನೆಯ ಫರಸಿ ಬಂದಿತು. ಮಲೆನಾಡಿನ ಸೆರಗಿನಲ್ಲಿರುವ ಆ ಸೀಮೆಯಲ್ಲಿ ಮಳೆಗಾಲದಲ್ಲಿ ಫರಸಿಯ ಮೇಲೆ ಪಸೆಯೂ ಕೂಡುತ್ತದೆ. ಅಂಥ ನೆಲದ ಮೇಲೆ ಕಾಲು ಅಗಲಿಸಿ ನಿಂತವನು ಜಾರಿ ತೊಡೆಸಂದಿಯ ನರ ಎಳೆಸಿಕೊಂಡರೆ ಅದಕ್ಕೆ ಪರಂಪರೆಯ ಹೆಸರು ಹೇಳಿ ಸಮಾಧಾನ ಮಾಡಲಾಗದು. ಅದರ ಮೇಲೆ ಬರಿಯ ಚಾಪೆಯನ್ನೋ ಜಮಖಾನೆಯನ್ನೋ ಹಾಸಿದರೆ ಹಾಸೇ ಕಾಲಕೆಳಗಿನಿಂದ ಸರಿದುಹೋಗುವ ಅಪಾಯ ಇನ್ನೂ ಹೆಚ್ಚು. ಕೌದಿಗೆ ಹೊಗಳಿಕೆ ಎಷ್ಟು ಸಲ್ಲಬೇಕೋ ಅಷ್ಟೇ ಸಲ್ಲಲಿ. ಕೌದಿ ಕೂಡುವುದಕ್ಕೆ, ಮಲಗುವುದಕ್ಕೆ, ತಲೆಯ ಆಧಾರಕ್ಕೆ ಉತ್ತಮ, ನಿಲ್ಲುವುದಕ್ಕಲ್ಲ.

ಆ ಕಾರಣ ನಮ್ಮ ಅಭ್ಯಾಸಶಿಬಿರಗಳಿಗೆ ಬರುವವರಿಗೆ ನಾವು ಹೇಳುತ್ತಿರುವುದು ಇಷ್ಟು. ನಿಂತು ಮಾಡುವ ಆಸನಗಳನ್ನು ಹಾಸಿಲ್ಲದೆ, ಬರಿಗಾಲಿನಲ್ಲಿ, ಒಣಗಿದ ಒರಟು ನೆಲದ ಮೇಲೆ ಮಾಡಿರಿ. ಅಂಗಳದ ಗಟ್ಟಿಮಣ್ಣು ಇದಕ್ಕೆ ಫರಸಿಗಿಂತ ಮೇಲು. ಹರಳು ಮುಳ್ಳುಗಳನ್ನು ಮೊದಲು ಗುಡಿಸಿರಬೇಕು. ಮನೆಯೊಳಗೆ ಫರಸಿಯೇ ಇದ್ದರೆ ಕಾಲುಗಳ ನಡುವಿನ ಅಂತರವನ್ನು ಕಡಿಮೆ ಮಾಡಿರಿ, ಹಿಂದಿನ ಹಿಮ್ಮಡಿಯನ್ನು ಗೋಡೆಯ ಬುಡಕ್ಕೆ ಆನಿಸಿರಿ. ಕುಳಿತು ಮಾಡುವವಕ್ಕೆ ಕಂಬಳಿಯನ್ನು ಎರಡು ಮಡಿಕೆ ಮಾಡಿಕೊಳ್ಳಿರಿ. ಮಂಡಿ ಮೇಲೇಳುವವರು ಕುಂಡಿಯ ಕೆಳಗೆ ಇನ್ನೊಂದು ಮಡಿಕೆ ಸೇರಿಸಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಶೀರ್ಷಾಸನವನ್ನು ಬಲ್ಲವರ ಎದುರಿನಲ್ಲಿಯೇ ಮಾಡಬೇಕು, ತಲೆಯ ಕೆಳಗೆ ಕೌದಿಯ ನಾಲ್ಕು ಮಡಿಕೆ ಇರಬೇಕು. ಕೊರಳಿನ ತೊಂದರೆ, ರಕ್ತದೊತ್ತಡ ಇದ್ದವರು ಅದರ ಗೊಡವೆಗೆ ಹೋಗಬಾರದು. ಪಾದವನ್ನು ಕೈ ಮುಟ್ಟದವರಿಗೆ ಹಳೆಯ ಧೋತರದ ಪಟ್ಟಿ ಸಾಕು. ವಯಸ್ಸಾದವರು ಗೋಡೆಗೆ ಒರಗಿ ಕೂಡಲು ನಾಚಬೇಕಾಗಿಲ್ಲ. ಬೆಳಗಿನ ಅಭ್ಯಾಸಕ್ಕೆ ಐದೂವರೆಗೆ ಗಂಟೆ ಬಾರಿಸಲಾಗುವುದು. ಸಭಾಂಗಣದ ಜಮಖಾನೆಗಳನ್ನು ಹಿಂದಿನ ಸಂಜೆಯೇ ಝಾಡಿಸಿ ಇಡಲಾಗಿರುತ್ತದೆ. ದೇವಿಕೊಪ್ಪದ ಆ ಬಾಲೆಗೂ ಬರಹೇಳಿದ್ದೇವೆ, ಕೌದಿಯನ್ನು ಜೊತೆಗೆ ತರಲೆಂದೂ ಹೇಳಿಕಳುಹಿಸಿದ್ದೇವೆ.